ಮಾಹಿತಿ ಹಕ್ಕು ಅರ್ಜಿ: ‘ಏಕೆ’ ಎಂದು ಕೇಳಬೇಡಿ, ಕಡತ ಕೇಳಿ

2005ರ ಮಾಹಿತಿ ಹಕ್ಕು ಕಾಯ್ದೆ ಓದುವವರು ಸೆಕ್ಷನ್ 2(ಎಫ್) ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ಮಾಹಿತಿ’ ಎಂದರೆ ಕಚೇರಿಯಲ್ಲಿ ಈಗಾಗಲೇ ಇರುವುದು: ದಾಖಲೆ, ಆದೇಶ, ಇ-ಮೇಲ್, ಲಾಗ್ ಪುಸ್ತಕ, ಮಾದರಿ. ‘ನಮ್ಮ ಬೀದಿಯ ರಸ್ತೆ ಏಕೆ ಕಿತ್ತುಹೋಯಿತು?’ ಎಂದು ಬರೆದರೆ ‘ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಸಿಗುತ್ತದೆ, ಅಷ್ಟೇ. ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಪ್ರಶ್ನೆಯನ್ನು ಕಡತಗಳಾಗಿ ಒಡೆಯಿರಿ: ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಪಾವತಿಯಾದ ಬಿಲ್ಲು, ಅಳತೆ ಪುಸ್ತಕದ ಪುಟಗಳು. ಇವುಗಳಲ್ಲಿ ಅಳತೆ ಪುಸ್ತಕವನ್ನು ಮಾತ್ರ ಬಿಡಲೇಬಾರದು. ಉದ್ದ, ಅಗಲ, ದಪ್ಪ ಎಷ್ಟೆಂದು ಬರೆದು ಎಂಜಿನಿಯರ್ ಸಹಿ ಹಾಕುವುದು ಅಲ್ಲಿಯೇ. ಟೇಪು ಹಿಡಿದು ರಸ್ತೆಗೆ ಹೋದರೆ ಹೊಣೆ ಯಾರದೆಂದು ಗೊತ್ತಾಗುತ್ತದೆ. ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇಷ್ಟು ಬಲವಾದ ಹಕ್ಕನ್ನು ಬಳಸದೆ ಬಿಡುವುದು ನಷ್ಟ.

ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಅರ್ಜಿ ತಪ್ಪು ಕಚೇರಿಗೆ ಹೋದರೆ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರದೇ ಕೆಲಸ.

ಉತ್ತರಕ್ಕೆ 30 ದಿನ. ಗಡುವು ಮೀರಿದರೆ ನಿರಾಕರಣೆ ಎಂದೇ ಲೆಕ್ಕ. ಆಮೇಲೆ ಕೊಡುವ ಪ್ರತಿಗಳಿಗೆ ಹಣ ಕೇಳುವಂತಿಲ್ಲ. ಆದರೆ ಪ್ರತಿಗಳ ಶುಲ್ಕ ಕಟ್ಟಿ ಎಂಬ ಪತ್ರ ಹೊರಟ ದಿನದಿಂದ ನೀವು ಕಟ್ಟುವವರೆಗಿನ ದಿನಗಳು ಈ 30ರಲ್ಲಿ ಸೇರುವುದಿಲ್ಲ. ಇದನ್ನು ಮರೆತು ಅವಸರದಲ್ಲಿ ಮೇಲ್ಮನವಿ ಹಾಕಿದರೆ ಅದು ನಿಲ್ಲುವುದಿಲ್ಲ.

ಪ್ರಥಮ ಮೇಲ್ಮನವಿ ಸಲ್ಲಿಸಲು 30 ದಿನ, ಮಾಹಿತಿ ಆಯೋಗಕ್ಕೆ ಹೋಗುವ ದ್ವಿತೀಯ ಮೇಲ್ಮನವಿ ಸಲ್ಲಿಸಲು 90 ದಿನ. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಹಾಗಾಗಿ ದ್ವಿತೀಯ ಮೇಲ್ಮನವಿಯಲ್ಲಿ ಸೆಕ್ಷನ್ 20ನ್ನು ಹೆಸರಿಸಿಯೇ ಕೇಳಿ. ನಿರಾಕರಣೆ ಸರಿಯೆಂದು ತೋರಿಸುವ ಹೊರೆ ಮಾಹಿತಿ ಅಧಿಕಾರಿಯದು, ನಿಮ್ಮದಲ್ಲ.

‘ಕಡತ ಲಭ್ಯವಿಲ್ಲ’ ಎಂಬ ಉತ್ತರಕ್ಕೆ ಹೆದರಬೇಡಿ. ಸೆಕ್ಷನ್ 8, 9ರ ವಿನಾಯಿತಿಗಳಲ್ಲಿ ಕಡತ ಕಳೆದುಹೋಗುವುದು ಸೇರಿಲ್ಲ. ಕಡತವನ್ನು ಹುಡುಕಿಸಿ, ಸಿಗದಿದ್ದರೆ ಹೊಣೆ ನಿಗದಿ ಮಾಡಬೇಕೆಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಕಡತ ಕೊನೆಗೆ ಯಾರ ಮೇಜಿಗೆ ಹೋಯಿತೆಂದು ತೋರಿಸುವ ಚಲನವಲನ ವಹಿಯ ಪುಟವನ್ನು ಮುಂದಿನ ಅರ್ಜಿಯಲ್ಲಿ ಕೇಳಿ.