ನಿಂತು ಕೂಗುವವರ ಲೆಕ್ಕ

ಕಾರವಾರದ ಕಡೆ ಫುಟ್‌ಬಾಲ್ ಟೂರ್ನಮೆಂಟ್ ಇದೆ ಅಂದರೆ ಮೊದಲ ಜಗಳ ಕುರ್ಚಿಯದ್ದು. ಎಷ್ಟು ಬಾಡಿಗೆಗೆ ತರುವುದು, ಎಲ್ಲಿ ಹಾಕುವುದು, ಡೋಲು-ತಾಸೆಯ ಹುಡುಗರನ್ನು ಯಾವ ಮೂಲೆಗೆ ಕಳಿಸುವುದು. ಗೋವಾದ ಫುಟ್‌ಬಾಲ್ ಹುಚ್ಚು ಕಾಳಿ ನದಿ ದಾಟಿ ಈ ಕಡೆ ಬಂದು ಎಷ್ಟೋ ಕಾಲವಾಯಿತು. ಮ್ಯಾಚ್ ಅಂದರೆ ಜನ ಸೇರುತ್ತಾರೆ. ಜನ ಸೇರಿದ ಮೇಲೆ ಗಲಾಟೆ ಬೇಕು ಅನ್ನುವವರೂ ಇರುತ್ತಾರೆ, ಬೇಡ ಅನ್ನುವವರೂ ಇರುತ್ತಾರೆ.

ಇಂಥದ್ದೊಂದು ಮೀಟಿಂಗಿನಲ್ಲಿ ನಾನೂ ಕೂತಿದ್ದೆ. ಕ್ಲಬ್ಬಿನ ಪರವಾಗಿ ಮಾತಾಡಿದವರು ರಿಟೈರ್ ಆದ ಪಿ.ಟಿ. ಮಾಸ್ತರು. "ನಿಂತ್ರೆ ಹಿಂದಿನವ್ರಿಗೆ ಕಾಣೂದಿಲ್ಲ, ನೂಕಾಟ ಬೇರೆ. ಎಲ್ರೂ ಕೂತು ನೋಡಿ, ಯಾರು ಬೇಡ ಅಂದ್ರು?" ಎಂದರು. ಹುಡುಗನೊಬ್ಬ ಎದ್ದು ನಿಂತ. "ಮಾಸ್ತರ್ರೇ, ಕೂತ್ಕೊಂಡು ಕೂಗೂಕೆ ಆಗೂದಿಲ್ಲ. ಕುರ್ಚಿ ಹಾಕಿದ್ರೆ ಅದು ಮದ್ವೆ ಮನೆ ಆಗ್ತದೆ."

ಇದೇ ಜಗಳವನ್ನು ಇಂಗ್ಲೆಂಡಿನ ಅಭಿಮಾನಿಗಳು ಮತ್ತು ಅವರ ಕ್ಲಬ್ಬುಗಳು ಮೂವತ್ತು ವರ್ಷ ಆಡಿವೆ. ಹುಡುಗರ ಮಾತಿನಲ್ಲಿ ವಿಜ್ಞಾನವಿದೆ, ಆದರೆ ಅದು ಅವರು ಅಂದುಕೊಂಡ ಜಾಗದಲ್ಲಿಲ್ಲ. ಮಾಸ್ತರ ಭಯಕ್ಕೂ ಕಾರಣವಿದೆ. ಅದೂ ಅವರು ಅಂದುಕೊಂಡದ್ದಲ್ಲ.

ಮೊದಲು ದನಿ. ನಿಂತಾಗ ಹೊಟ್ಟೆಯ ಭಾಗ ಕೆಳಗಿಳಿದು ವಪೆಗೆ, ಅಂದರೆ ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ, ಜಾಗ ಸಿಗುತ್ತದೆ, ಶ್ವಾಸಕೋಶಕ್ಕೆ ಸ್ವಲ್ಪ ಜಾಸ್ತಿ ಗಾಳಿ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಬಾಗಿಸಿ ಕೂತರೆ ಅದು ಕಡಿಮೆಯಾಗುತ್ತದೆ. ಆದರೆ ಈ ವ್ಯತ್ಯಾಸ ಅಂಥ ದೊಡ್ಡದಲ್ಲ. ಮೈಕ್ ಇಲ್ಲದ ಕಾಲದಲ್ಲೂ ಯಕ್ಷಗಾನದ ಭಾಗವತರು ಕೂತೇ ಹಾಡುತ್ತಿದ್ದರು, ಕಡೇ ಸಾಲಿನವರಿಗೂ ಕೇಳುತ್ತಿತ್ತು. ನಿಂತವರು ಜಾಸ್ತಿ ಕೂಗುವುದು ಮುಖ್ಯವಾಗಿ ಮೈಯೆಲ್ಲ ಆಡುವುದರಿಂದ. ಕೈ ಎತ್ತಬಹುದು, ಕುಣಿಯಬಹುದು, ಪಕ್ಕದವನ ಹೆಗಲು ಹಿಡಿಯಬಹುದು. ಪಕ್ಕದವನು ಕೂಗಿದರೆ ನಮಗೂ ನಾಚಿಕೆ ಬಿಡುತ್ತದೆ.

ಇನ್ನು ಎಷ್ಟು ಜನ ಬೇಕು? ಇಲ್ಲಿ ಡೆಸಿಬೆಲ್ ಲೆಕ್ಕ ನಮ್ಮನ್ನು ಮೋಸ ಮಾಡುತ್ತದೆ. ಕೂಗುವವರು ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. ಹತ್ತು ಪಟ್ಟಾದರೆ 10 ಡೆಸಿಬೆಲ್, ಅಂದರೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರು. ನೂರು ಜನರ ಜಾಗಕ್ಕೆ ಸಾವಿರ ಜನ ತಂದರೆ ಸಿಗುವುದು ಇಷ್ಟೇ. ದೂರದ ಆಟ ಬೇರೆ. ಒಬ್ಬನ ದನಿ ದೂರ ಇಮ್ಮಡಿಯಾದಾಗ 6 ಡೆಸಿಬೆಲ್ ಇಳಿಯುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, 10 ಮೀಟರ್ ದೂರದಲ್ಲಿ ಒಟ್ಟಾಗಿ ನಿಂತ 200 ಹುಡುಗರು 20 ಮೀಟರ್ ದೂರದ 800 ಜನಕ್ಕೆ ಸಮ. ಜನ ಕಡಿಮೆ ಇರುವ ಕ್ಲಬ್ಬಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇರೆ ಇಲ್ಲ. ಟಿಕೆಟ್ ಮಾರುವ ತಲೆಬಿಸಿಗಿಂತ ಹುಡುಗರನ್ನು ಗೆರೆಗೆ ಹತ್ತಿರ ತರುವುದು ಸುಲಭ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ತೊಂದರೆ ಇದೇ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. 400 ಮೀಟರ್ ಟ್ರ್ಯಾಕಿನ ಒಳಗೆ ಫುಟ್‌ಬಾಲ್ ಅಂಕಣ ಹಾಕಿದರೆ, ಗೋಲಿನ ಹಿಂದಿನ ಗ್ಯಾಲರಿ ಗೋಲ್ ಗೆರೆಯಿಂದ ಮೂವತ್ತು ಮೀಟರಿಗೂ ಆಚೆ ಹೋಗುತ್ತದೆ. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗ ಒಂದೇ ಬ್ಲಾಕಿನಲ್ಲಿ ಒಟ್ಟಾಗಿ ನಿಂತು ಹಾಡುವುದು ಭೌತಶಾಸ್ತ್ರದ ಪ್ರಕಾರವೂ ಸರಿ. ಚದುರಿ ಕೂತಿದ್ದರೆ ಅಷ್ಟೇ ಜನ ಕೂಗಿದರೂ ಗೊತ್ತೇ ಆಗುತ್ತಿರಲಿಲ್ಲ.

ಒಟ್ಟಾಗಿ ನಿಲ್ಲುವುದಕ್ಕೆ ಇನ್ನೊಂದು ಕಾರಣ ತಾಳ. ನಮ್ಮ ಕರಾವಳಿಯ ಬಿಸಿ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ನೂರು ಮೀಟರ್ ಆಚೆಯ ಚಪ್ಪಾಳೆ ನಮಗೆ ಮುಟ್ಟುವಾಗ ಸೆಕೆಂಡಿನ ಕಾಲುಭಾಗಕ್ಕಿಂತ ಜಾಸ್ತಿ ಸಮಯ ಕಳೆದಿರುತ್ತದೆ. ಸೆಕೆಂಡಿಗೆ ಎರಡು ಪೆಟ್ಟಿನ ತಾಳ ಹಾಕುತ್ತಿದ್ದರೆ ಆ ದಡದವರ ಪೆಟ್ಟು ಹೆಚ್ಚುಕಮ್ಮಿ ನಮ್ಮ ಎರಡು ಪೆಟ್ಟಿನ ನಡುವೆ ಬೀಳುತ್ತದೆ. ಎರಡು ಕಡೆ ಎರಡು ಡೋಲು ಇಟ್ಟರೆ ಹಾಡು ಕೆಡುವುದು ಇದಕ್ಕೇ, ಹುಡುಗರಿಗೆ ತಾಳ ಬರದೇ ಅಲ್ಲ. ನೆಡಾ ಎಂಬ ವಿಜ್ಞಾನಿ ಮತ್ತು ಜೊತೆಯವರು ರೊಮೇನಿಯಾ, ಹಂಗೆರಿಯ ನಾಟಕ ಮಂದಿರಗಳಲ್ಲಿ ಚಪ್ಪಾಳೆ ರೆಕಾರ್ಡ್ ಮಾಡಿ 2000ದಲ್ಲಿ ಒಂದು ಚಂದದ ಸಂಗತಿ ಪ್ರಕಟಿಸಿದರು. ಜನ ತಾಳಕ್ಕೆ ಬರುವಾಗ ಚಪ್ಪಾಳೆಯ ವೇಗವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸುತ್ತಾರೆ. ಹಾಗೆ ಇಳಿಸಿದಾಗ ಒಟ್ಟು ಸದ್ದು ಕಡಿಮೆಯಾಗುತ್ತದೆ. ಸದ್ದು ಸಾಲದು ಅಂತ ವೇಗ ಏರಿಸುತ್ತಾರೆ, ತಾಳ ಮತ್ತೆ ತಪ್ಪುತ್ತದೆ. ತಾಳವೂ ಬೇಕು, ಅಬ್ಬರವೂ ಬೇಕು ಅಂದರೆ ಡೋಲು ಬಾರಿಸುವವನೊಬ್ಬನ ಕೈಯಲ್ಲಿ ವೇಗ ಇರಬೇಕು.

ನಮ್ಮೂರಿನ ಮಟ್ಟಿಗೆ ಗಾಳಿಯನ್ನೂ ಲೆಕ್ಕ ಹಿಡಿಯಬೇಕು. ಸಂಜೆ ನಾಲ್ಕಕ್ಕೆ ಮ್ಯಾಚ್ ಶುರುವಾಗುವಾಗ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತಿರುತ್ತದೆ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಅದರಿಂದ ಗಾಳಿಯ ಜೊತೆ ಹೋಗುವ ಶಬ್ದ ನೆಲದ ಕಡೆಗೆ ಬಾಗುತ್ತದೆ, ಗಾಳಿಗೆ ಎದುರಾಗಿ ಹೋಗುವ ಶಬ್ದ ಮೇಲಕ್ಕೆ ಬಾಗಿ ತಲೆ ಮೇಲೆ ಹಾರಿಹೋಗುತ್ತದೆ. ಹುಡುಗರು ಕಡಲಿನ ಬದಿಯಲ್ಲಿ ನಿಂತರೆ ಕೂಗು ಅಂಕಣ ದಾಟಿ ಆಚೆ ದಡಕ್ಕೂ ಮುಟ್ಟುತ್ತದೆ. ಮುಳುಗುವ ಸೂರ್ಯನೂ ಅವರ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಈಗ ಅಲ್ಲಿ ಯಾರನ್ನು ಕೂರಿಸುತ್ತಾರೆ? ಅತಿಥಿಗಳನ್ನು.

ಇಷ್ಟೆಲ್ಲ ಕೂಗಿ ಏನು ಲಾಭ ಅನ್ನುವವರಿಗೆ ಒಂದು ಪ್ರಯೋಗ ಹೇಳಬೇಕು. ಇಂಗ್ಲೆಂಡಿನಲ್ಲಿ 40 ರೆಫರಿಗಳಿಗೆ ಒಂದೇ ಮ್ಯಾಚಿನ ವಿಡಿಯೊ ತೋರಿಸಿದರು. ಸುಮಾರು ಅರ್ಧ ಜನಕ್ಕೆ ಪ್ರೇಕ್ಷಕರ ಸದ್ದಿನ ಜೊತೆ, ಉಳಿದವರಿಗೆ ಸದ್ದಿಲ್ಲದೆ. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲುಗಳು ಶೇಕಡ 15ರಷ್ಟು ಕಡಿಮೆ. ಕೋವಿಡ್ ಕಾಲದಲ್ಲಿ ಖಾಲಿ ಗ್ಯಾಲರಿಯ ಎದುರು ಆಡಿದಾಗ ಜರ್ಮನಿಯ ಲೀಗಿನಲ್ಲಿ ತವರು ತಂಡಗಳ ಮೇಲುಗೈ ಕರಗಿತ್ತು. ಹಾಗಂತ ಪುಟ್ಟ ಮಕ್ಕಳನ್ನು ತಾಸೆಯ ಪಕ್ಕ ನಿಲ್ಲಿಸಬೇಡಿ. 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಅಪಾಯವಿಲ್ಲದೆ ಇರಬಹುದಾದ ಸಮಯ ಕಾಲು ಗಂಟೆ.

ಈಗ ಮಾಸ್ತರ ಭಯಕ್ಕೆ ಬರೋಣ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಹೊರಗೆ ಜನ ಜಾಸ್ತಿಯಾದಾಗ ಪೊಲೀಸರು ಒಂದು ಗೇಟು ತೆಗೆಸಿದರು. ಒಳಗೆ ನೇರ ಎದುರಿಗಿದ್ದ ಸುರಂಗದ ದಾರಿಯನ್ನು ಮುಚ್ಚಲಿಲ್ಲ. ಜನವೆಲ್ಲ ಮೊದಲೇ ತುಂಬಿದ್ದ ನಡುವಿನ ಎರಡು ದೊಡ್ಡಿಗಳಿಗೆ, ಅಂದರೆ ನಿಂತು ನೋಡುವ ಬೇಲಿ ಹಾಕಿದ ಜಾಗಗಳಿಗೆ, ನುಗ್ಗಿದರು. ಮುಂದೆ ಎತ್ತರದ ಕಬ್ಬಿಣದ ಬೇಲಿ, ಹಿಂದೆ ನೂಕುತ್ತಿರುವ ಜನ. 97 ಮಂದಿ ಸತ್ತರು. ತಪ್ಪು ಅಭಿಮಾನಿಗಳದ್ದೇ ಅಂತ ಪೊಲೀಸರು ಹೇಳಿದರು. ಅದು ಸುಳ್ಳು ಅಂತ ತೀರ್ಪು ಬರಲು 2016ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ದುರಂತದ ತನಿಖೆ ಮಾಡಿದ ನ್ಯಾಯಾಧೀಶ ಟೇಲರ್ ಅವರ ವರದಿಯ ಪ್ರಕಾರ 1994ರಿಂದ ಮೇಲಿನ ಎರಡು ಡಿವಿಷನ್ನಿನ ಮೈದಾನಗಳಲ್ಲಿ ಬರೀ ಕುರ್ಚಿಗಳು ಬಂದಿದ್ದವು. ಬೇಲಿ, ಗೇಟು, ಸುರಂಗ, ಪೊಲೀಸರ ತಪ್ಪು ಎಲ್ಲ ಸೇರಿ ಆದದ್ದಕ್ಕೆ ನಿಲ್ಲುವುದೇ ಕಾರಣ ಅನ್ನುವ ಭಾವನೆ ಊರಿಗೆಲ್ಲ ಹಬ್ಬಿತು.

ಇಂಥ ಕಡೆ ಜನ ಹೆಚ್ಚಾಗಿ ಸಾಯುವುದು ತುಳಿತಕ್ಕಲ್ಲ, ನಿಂತಲ್ಲೇ ಉಸಿರುಗಟ್ಟಿ. ಉಸಿರು ಎಳೆಯಬೇಕಾದರೆ ಎದೆಗೂಡು ಹಿಗ್ಗಬೇಕು. ನಾಲ್ಕೂ ಕಡೆಯಿಂದ ಮೈಗಳು ಒತ್ತಿದರೆ ಅದು ಹಿಗ್ಗುವುದಿಲ್ಲ. ಇಂಥ ದುರಂತಗಳಲ್ಲಿ ಬಾಗಿದ ಉಕ್ಕಿನ ಕಂಬಿಗಳನ್ನು ಪರೀಕ್ಷಿಸಿದಾಗ ಅವುಗಳ ಮೇಲೆ 450 ಕಿಲೋ ತೂಕಕ್ಕೂ ಮೀರಿದ ಒತ್ತಡ ಬಿದ್ದಿದ್ದು ಗೊತ್ತಾಗಿದೆ.

ಎಷ್ಟು ಜನ ಅಂದರೆ ಜಾಸ್ತಿ? ಮೀಟಿಂಗ್ ಮುಗಿದ ಮೇಲೆ ಮೈದಾನಕ್ಕೆ ಗೆರೆ ಹಾಕಲು ತಂದ ಸುಣ್ಣದ ಪುಡಿಯಲ್ಲಿ ಹುಡುಗರು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದರು. ಇಬ್ಬರು ನಿಂತರು, ಆರಾಮ. ನಾಲ್ವರಿಗೆ ಹೆಗಲಿಗೆ ಹೆಗಲು ತಾಗಿತು, ಚಪ್ಪಾಳೆ ತಟ್ಟಲು ಇನ್ನೂ ಜಾಗವಿತ್ತು. ಆರನೆಯವನು ಒಳಗೆ ಬಂದಾಗ ಮಧ್ಯದವನ ಕೈ ಎದೆಯ ಹತ್ತಿರವೇ ಸಿಕ್ಕಿಕೊಂಡಿತು. ನಗು ನಿಂತಿತು. ಏಳನೆಯವನನ್ನು ಯಾರೂ ಕರೆಯಲಿಲ್ಲ. ಇಂಗ್ಲೆಂಡಿನ ನಿಯಮ ನಿಂತು ನೋಡುವ ಜಾಗದಲ್ಲಿ 10 ಚದರ ಮೀಟರಿಗೆ 47 ಜನರ ಮೇಲೆ ಬಿಡುವುದಿಲ್ಲ. ಚದರ ಮೀಟರಿಗೆ ಏಳು ದಾಟಿದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ, ಒಂದು ಕಡೆಯ ನೂಕು ಅಲೆಯಾಗಿ ಇನ್ನೊಂದು ಕಡೆ ಹೋಗುತ್ತದೆ. ಸ್ಪೇನಿನ ಪಾಂಪ್ಲೋನಾದ ಹಬ್ಬದಲ್ಲಿ ಚೌಕವೊಂದರಲ್ಲಿ ಕಿಕ್ಕಿರಿದ ಸಾವಿರಾರು ಜನರನ್ನು ಮೇಲಿನಿಂದ ಚಿತ್ರಿಸಿ ನೋಡಿದ ಅಧ್ಯಯನ 2025ರಲ್ಲಿ ಬಂತು. ನೂರಾರು ಜನ ಒಟ್ಟಿಗೆ, ತಮಗೇ ಗೊತ್ತಿಲ್ಲದೆ, ಸುಮಾರು 18 ಸೆಕೆಂಡಿಗೊಮ್ಮೆ ಸುತ್ತು ಹಾಕುತ್ತಿದ್ದರು. ಯಾರೂ ಬೇಕಂತ ನೂಕಿರಲಿಲ್ಲ.

ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಒಳಗೆ ಕುರ್ಚಿಗಳಿದ್ದವು, ಸಾವು ಆದದ್ದು ಗೇಟಿನ ಹತ್ತಿರ.

ಇನ್ನು ಕುರ್ಚಿ ಹಾಕಿದ ಮಾತ್ರಕ್ಕೆ ಜನ ಕೂರುತ್ತಾರಾ? ಇಂಗ್ಲೆಂಡಿನಲ್ಲಿ ಕೂರಲಿಲ್ಲ. ಅಭಿಮಾನಿಗಳು ತಮ್ಮ ಕುರ್ಚಿಯ ಮುಂದೆಯೇ ಇಡೀ ಮ್ಯಾಚ್ ನಿಂತರು. ಇದು ಜಾಸ್ತಿ ಅಪಾಯ. ಮುಂದಿನ ಸಾಲಿನ ಕುರ್ಚಿಯ ಬೆನ್ನು ಮೊಣಕಾಲಿನ ಆಸುಪಾಸಿಗೆ ಬರುತ್ತದೆ. ಗೋಲಾದಾಗ ಹಿಂದಿನಿಂದ ಒಬ್ಬ ವಾಲಿದರೆ ಅದಕ್ಕೆ ಕಾಲು ತಡೆದು ಮುಂದಿನವರ ಮೇಲೆ ಬೀಳುತ್ತಾನೆ, ಅವರು ಅವರ ಮುಂದಿನವರ ಮೇಲೆ. ಅಭಿಮಾನಿ ಸಂಘಟನೆಗಳು ಕ್ಲಬ್ಬುಗಳ ಎದುರು ಹಿಡಿದ ವಾದ ಇದೇ. ಹೇಗೂ ನಿಲ್ಲುತ್ತೇವೆ, ಹಿಡಿಯಲು ಏನಾದರೂ ಕೊಡಿ. ಜರ್ಮನಿಯಲ್ಲಿ ಮೊದಲೇ ಉತ್ತರ ಇತ್ತು. ಪ್ರತಿ ಸಾಲಿಗೂ ಸೊಂಟದ ಮೇಲಿನ ಎತ್ತರಕ್ಕೆ ಉಕ್ಕಿನ ಕಂಬಿ, ಅದಕ್ಕೇ ಮಡಚುವ ಕುರ್ಚಿ. ವಾಲಿದವನನ್ನು ಕಂಬಿ ಅಲ್ಲೇ ತಡೆಯುತ್ತದೆ, ಒತ್ತಡ ಸಾಲಿನಿಂದ ಸಾಲಿಗೆ ಕೂಡಿಕೊಳ್ಳುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ 2016ರಲ್ಲಿ ಸುಮಾರು 3,000 ಜನರಿಗೆ ಇಂಥ ಜಾಗ ಮಾಡಿತು. 2022ರ ಜನವರಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಐದು ಕ್ಲಬ್ಬುಗಳಲ್ಲಿ ಪ್ರಯೋಗ ಶುರುವಾಗಿ, ಮುಂದಿನ ಸೀಸನ್ನಿನಿಂದ ಲೈಸೆನ್ಸ್ ಸಿಗತೊಡಗಿತು. ಅಲ್ಲಿ ಒಂದು ಕುರ್ಚಿಯ ಜಾಗಕ್ಕೆ ಒಬ್ಬನೇ. ನಿಲ್ಲುತ್ತಾರೆ ಅಂತ ಟಿಕೆಟ್ ಜಾಸ್ತಿ ಮಾರುವ ಹಾಗಿಲ್ಲ. ಜರ್ಮನಿಯ ಡಾರ್ಟ್‌ಮುಂಡಿನ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತೇ ನೋಡುತ್ತಾರೆ.

ಸಮತಟ್ಟಾದ ಮೈದಾನದಲ್ಲಿ ಮಾತ್ರ ನಾನು ಮಾಸ್ತರ ಪಕ್ಷ. ಎಲ್ಲರ ಬಾಯಿಯೂ ಒಂದೇ ಎತ್ತರದಲ್ಲಿದ್ದರೆ ಹಿಂದಿನವನ ದನಿ ಮುಂದಿನವನ ಬೆನ್ನಿಗೆ ಬಡಿದು, ಬಟ್ಟೆಯಲ್ಲಿ ಅಡಗುತ್ತದೆ. ನೋಟವೂ ಇಲ್ಲ, ಸದ್ದೂ ಇಲ್ಲ. ನಿಲ್ಲುವುದಕ್ಕೆ ಬೆಲೆ ಬರುವುದು ಮೆಟ್ಟಿಲಿದ್ದರೆ. ಚಿರೆಕಲ್ಲಿನ ಊರಲ್ಲಿ ನಾಲ್ಕು ಮೆಟ್ಟಿಲು ಕಟ್ಟುವುದು ದೊಡ್ಡ ಮಾತಲ್ಲ. ಮೇಲೆ ಗಟ್ಟಿ ಶೀಟಿನ ತಗ್ಗಾದ ಮಾಡು ಇದ್ದರೆ ಆಕಾಶಕ್ಕೆ ಹೋಗುವ ದನಿಯೂ ಅಂಕಣದ ಕಡೆ ತಿರುಗುತ್ತದೆ.

ನನಗೆ ನಿಜವಾಗಿ ಹೆದರಿಕೆ ಆಗುವುದು ಟೂರ್ನಮೆಂಟಿಗೆ ಅಂತ ಕಟ್ಟುವ ತಾತ್ಕಾಲಿಕ ಗ್ಯಾಲರಿ ನೋಡಿದಾಗ. 2022ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ನೋಡಲು ಕಟ್ಟಿದ ಗ್ಯಾಲರಿ ಕುಸಿದು ಸುಮಾರು 200 ಜನ ಗಾಯಗೊಂಡರು. ಸುಮ್ನೆ ಕೂತ ಜನರ ಭಾರವನ್ನು ಗಾಳಿಮರದ ಕಂಬಗಳು ಹೊರುತ್ತವೆ. ಡೋಲಿನ ತಾಳಕ್ಕೆ ಸೆಕೆಂಡಿಗೆ ಎರಡು ಸಲ ಒಟ್ಟಿಗೆ ಕುಣಿದರೆ ಪ್ರತಿ ಸಲವೂ ಮೈತೂಕದ ಎರಡು-ಮೂರು ಪಟ್ಟು ಬಲ ಬೀಳುತ್ತದೆ, ಆ ತಾಳ ಗ್ಯಾಲರಿಯ ಸ್ವಂತ ಓಲಾಟಕ್ಕೆ ಕೂಡಿಬಂದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ನೇರ ಕಂಬಗಳ ನಡುವೆ ಓರೆ ಕಂಬ ಇದೆಯಾ ನೋಡಿ. ನಾಲ್ಕು ಕೋಲಿನ ಚೌಕ ಪಕ್ಕಕ್ಕೆ ವಾಲಿ ಮಡಚಿಕೊಳ್ಳುತ್ತದೆ, ಮೂರು ಕೋಲಿನ ತ್ರಿಕೋನ ಮಡಚಿಕೊಳ್ಳುವುದಿಲ್ಲ. ಓರೆ ಕಂಬ ಇಲ್ಲದ ಗ್ಯಾಲರಿ ಹತ್ತಬೇಡಿ.

ಕಡೆಗೆ ಗೇಟು. ಇಂಗ್ಲೆಂಡಿನವರ ಲೆಕ್ಕದಲ್ಲಿ ಸಮ ನೆಲದ ಮೇಲೆ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಜನ ಸರಾಗವಾಗಿ ಹೊರಗೆ ಹೋಗಬಹುದು. ಎಲ್ಲರೂ 8 ನಿಮಿಷದೊಳಗೆ ಹೊರಗೆ ಇರಬೇಕು. ಫೈನಲ್ಲಿಗೆ 3,000 ಜನ ಬಂದರೆ ಒಟ್ಟು ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಬಾಗಿಲು ಬೇಕು. ಮೀಟಿಂಗ್ ನಡೆದ ಮೈದಾನಕ್ಕೆ ಅಷ್ಟು ಅಗಲ ಇದೆ. ಆದರೆ ಒಂದು ಬಾಗಿಲಿಗೆ ಯಾವಾಗಲೂ ಬೀಗ, ಇನ್ನೊಂದರ ಎದುರಿಗೇ ಚುರ್ಮುರಿ ಗಾಡಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಮಾಸ್ತರಿಗೂ ಗೊತ್ತಿರಲಿಲ್ಲ. ಗಾಡಿಯವನು ಮಾತ್ರ ಹತ್ತು ಹೆಜ್ಜೆ ಆಚೆ ಹೋಗಲು ಒಪ್ಪಿದ್ದಾನೆ, ಫೈನಲ್ ದಿನ ಡೋಲಿನ ಹುಡುಗರ ಪಕ್ಕದಲ್ಲಿ ಜಾಗ ಕೊಟ್ಟರೆ.