ಪಂಪ್‌ಸೆಟ್, ಸೆಟ್ ದೋಸೆ, ಸೆಟ್ ಸೀರೆ

ಓಣಂ ಹಿಂದಿನ ದಿನವೇ ನಮ್ಮ ಪಂಪ್ ಕೈಕೊಟ್ಟಿತು. ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ನೀರು ಬಾವಿಯಿಂದಲೇ ಬರಬೇಕು. ಫೋನ್ ಮಾಡಿದ ಅರ್ಧ ಗಂಟೆಗೆ ಮೆಕ್ಯಾನಿಕ್ ಹುಡುಗ ಬೈಕಿನಲ್ಲಿ ಬಂದ. ಅವನ ಮನೆಮಾತು ಮಲಯಾಳ, ನಮ್ಮ ಹತ್ತಿರ ಕನ್ನಡ, ಆಚೆ ಮನೆಯವರ ಹತ್ತಿರ ತುಳು. ಫೂಟ್ ವಾಲ್ವ್ ಬದಲಿಸಿದ. ಪೈಪಿನ ಜಾಯಿಂಟಿಗೆ ಗಮ್ ಹಚ್ಚಿದ. ಕೈ ಒರೆಸಿಕೊಳ್ಳುತ್ತಾ ಹೇಳಿದ: “ಪಂಪ್‌ಸೆಟ್ ಸೆಟ್ ಆಯ್ತು ಅಕ್ಕ. ಗಮ್ ಸೆಟ್ ಆಗ್ಲಿಕ್ಕುಂಟು, ಸಂಜೆವರೆಗೆ ನೀರು ಬಿಡ್ಬೇಡಿ.”

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೇಳಿದರು, “ನಾಳೆಗೆ ಸೆಟ್ ಸೀರೆ ಇಸ್ತ್ರಿ ಹಾಕ್ಬೇಕಲ್ಲ, ಕರೆಂಟ್ ಉಂಟಾ?”

ಒಂದು ನಿಮಿಷದಲ್ಲಿ ಒಂದೇ ಶಬ್ದ ನಾಲ್ಕು ಸಲ ಬಂತು. ಮೊದಲನೆಯದು ಮೋಟರು, ಪಂಪು ಎರಡೂ ಸೇರಿದ ಒಂದು ಜೋಡಣೆ. ಎರಡನೆಯದು ‘ಸರಿಯಾಯ್ತು’. ಮೂರನೆಯದು ‘ಗಟ್ಟಿಯಾಗಬೇಕು’. ನಾಲ್ಕನೆಯದು ಬಟ್ಟೆ. ನಮ್ಮಲ್ಲಿ ಯಾರೂ “ಯಾವ ಸೆಟ್?” ಅಂತ ಕೇಳಲಿಲ್ಲ. ನನಗೆ ಆಶ್ಚರ್ಯ ಆದದ್ದು ಅದೇ.

ಇಂಗ್ಲಿಷಿನಲ್ಲಿ ಈ ಪುಟ್ಟ ಶಬ್ದಕ್ಕೆ ದೊಡ್ಡ ಹೆಸರಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದಾರೆ. ಆ ವಿವರಣೆಯೇ ಸುಮಾರು 60,000 ಪದ! ಅಷ್ಟರಲ್ಲಿ ಒಂದು ಸಾಧಾರಣ ಕಾದಂಬರಿ ಬರೆದು ಮುಗಿಸಬಹುದು. ಆಮೇಲೆ ನಿಘಂಟಿನ ಪರಿಷ್ಕರಣೆ ನಡೆಯುವಾಗ ‘ರನ್’ ಇದನ್ನು ಹಿಂದೆ ಹಾಕಿತು. ಸಂಪಾದಕ ಪೀಟರ್ ಗಿಲ್ಲಿವರ್ ಆ ಒಂದೇ ಕ್ರಿಯಾಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತರು, 645 ಅರ್ಥ ಬೇರ್ಪಡಿಸಿದರು. ಮೊದಲು ಮನುಷ್ಯರು, ಕುದುರೆಗಳು ಓಡುತ್ತಿದ್ದವು. ಯಂತ್ರ ಬಂದ ಮೇಲೆ ರೈಲು, ಎಂಜಿನ್, ಕಾರ್ಖಾನೆ, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಂ ಕೂಡ ಓಡತೊಡಗಿದವು.

ಆದರೂ ನನಗೆ ಇಷ್ಟ ಸೆಟ್ಟೇ. ಯಾಕೆಂದರೆ ಅದರ ಹುಟ್ಟು ನಮಗೆ ತಟ್ಟನೆ ಅರ್ಥವಾಗುವಂಥದ್ದು. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ನಾವು ‘ಇಸು’ ಸೇರಿಸಿ ಮಾಡುವ ಕೆಲಸವನ್ನು ಅವರು ಒಂದು ಸ್ವರ ಬದಲಿಸಿ ಮಾಡಿಕೊಂಡರು. ‘ಫಾಲ್’ ಬೀಳು, ‘ಫೆಲ್’ ಮರ ಬೀಳಿಸು, ಇವೂ ಹಾಗೇ ಆದವು. ಇಷ್ಟು ಗೊತ್ತಾದ ಮೇಲೆ 430 ಅರ್ಥಗಳ ರಾಶಿ ಅಷ್ಟು ಹೆದರಿಸುವುದಿಲ್ಲ. ಚಿನಿವಾರ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಇಂಗ್ಲಿಷಿನಲ್ಲೂ ಅದು ಸೆಟ್. ಮುರಿದ ಮೂಳೆ ಕೂರಿಸುತ್ತಾರೆ, ಅದೂ ಸೆಟ್. ಬಾವಿಕಟ್ಟೆಯ ಪಕ್ಕ ಪಂಪ್ ಕೂರಿಸುತ್ತೇವೆ. ಕಾಂಕ್ರೀಟು, ಗಮ್ ಅಲುಗಾಡದೆ ಕೂತರೆ ಗಟ್ಟಿಯಾದ ಹಾಗೆ. ಸಂಜೆ ಸೂರ್ಯನೂ ತನ್ನ ಜಾಗಕ್ಕೆ ಹೋಗಿ ಕೂರುತ್ತಾನೆ ಎಂದು ಅವರ ಲೆಕ್ಕ. ಬೇಕಲ ಕೋಟೆಯ ಮೇಲೆ ನಿಂತವರಿಗೆ ಮಾತ್ರ ಸೂರ್ಯ ಮುಳುಗುವುದೇ ಸರಿ, ಕಣ್ಣೆದುರೇ ಕಡಲು ಇದೆಯಲ್ಲ.

ಇಲ್ಲೊಂದು ತಿರುವು ಇದೆ. ‘ಗುಂಪು’ ಎಂಬ ಅರ್ಥದ ಸೆಟ್ ಬೇರೆ ಮನೆಯ ಮಗು. ಅದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚಿನ ದಾರಿಯಲ್ಲಿ ಬಂದದ್ದು. ಪಂಥ ಎಂಬ ಅರ್ಥದ ಇಂಗ್ಲಿಷ್ ಶಬ್ದ ‘ಸೆಕ್ಟ್’ ಅದರ ಒಡಹುಟ್ಟು. ಉಚ್ಚಾರ ಒಂದೇ ಆಗಿ ಎರಡೂ ಒಂದೇ ಚಾವಡಿಯಲ್ಲಿ ಕೂತುಬಿಟ್ಟವು. ಕನ್ನಡದ ‘ಕಾಡು’ ಇದ್ದ ಹಾಗೆ: ಮರ ತುಂಬಿದ ಕಾಡಿಗೂ, ಪೀಡಿಸುವ ಕಾಡುವಿಕೆಗೂ ನಂಟಿಲ್ಲ. ಒಂದೇ ಬೇರಿನಿಂದ ಕವಲೊಡೆದ ಅರ್ಥಗಳು ಒಂದು ಬಗೆ, ಸುಮ್ನೆ ವೇಷ ಒಂದೇ ಆದ ಶಬ್ದಗಳು ಇನ್ನೊಂದು ಬಗೆ. ಸೆಟ್‌ನಲ್ಲಿ ಎರಡೂ ಇವೆ.

ನಮ್ಮ ಕೈಗೆ ಬಂದ ಮೇಲೂ ಅದು ಸುಮ್ಮನೆ ಕೂರಲಿಲ್ಲ. ಕೇರಳದ ಸೆಟ್ ಮುಂಡು ನಿಜವಾಗಿಯೂ ಸೆಟ್ಟೇ, ಉಡುವುದಕ್ಕೊಂದು, ಹೊದೆಯುವುದಕ್ಕೊಂದು, ಎರಡು ತುಂಡು. ಅದರ ಚಂದ ನೋಡಿ ಅದೇ ಬಣ್ಣ, ಅದೇ ಜರಿ ಅಂಚಿನಲ್ಲಿ ಒಂದೇ ಸೀರೆ ಬಂತು. ಹೆಸರು ಮಾತ್ರ ಸೆಟ್ ಸೀರೆ! ಅತ್ತೆ ಇಸ್ತ್ರಿ ಹಾಕಬೇಕಾಗಿದ್ದ ಸೀರೆಯಲ್ಲಿ ಸೆಟ್ ಎಂಬುದೇ ಇಲ್ಲ. ಸೆಟ್ ದೋಸೆಯ ಕತೆಯೂ ಇದೇ. ಎರಡೋ ಮೂರೋ ದೋಸೆ ಒಟ್ಟಿಗೆ ಕೊಡುತ್ತಾರೆ ಎಂದು ಆ ಹೆಸರು. ಈಗ ದಪ್ಪಗೆ, ಮೆತ್ತಗೆ ಇದ್ದರೆ ಅದು ಸೆಟ್ ದೋಸೆ. “ಒಂದೇ ಒಂದು ಸೆಟ್ ದೋಸೆ ಹಾಕಮ್ಮ” ಅಂತ ಮಕ್ಕಳು ಕೇಳಿದರೆ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಎಣಿಕೆಯಿಂದ ಬಂದ ಹೆಸರು ರೂಪಕ್ಕೆ ಅಂಟಿಕೊಂಡಿತು. ನಿಘಂಟಿನ 430 ಅರ್ಥಗಳಲ್ಲಿ ಎಷ್ಟೋ ಹೀಗೆ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ಜಾರಿ ಜಾರಿ ಆದಂಥವೇ ಇರಬೇಕು. ಇನ್ನು ಪಾಠ ಮಾಡುವ ಕೆಲಸಕ್ಕೆ ಬರೆಯುವ ಪರೀಕ್ಷೆಯ ಸೆಟ್ ಬಿಡಿ, ಅದು ಮೂರು ಮೊದಲಕ್ಷರಗಳ ಜೋಡಣೆ. ಆದರೆ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದೂ ಬದಲಾಗುತ್ತದೆ. ಇಲ್ಲಿ ಸೆಟ್ ಪಾಸಾದವರು ಹೈಯರ್ ಸೆಕೆಂಡರಿ ಶಾಲೆಗೆ, ಅಲ್ಲಿ ಕೆ-ಸೆಟ್ ಪಾಸಾದವರು ಕಾಲೇಜಿಗೆ.

ಒಂದು ಶಬ್ದಕ್ಕೆ ಇಷ್ಟೊಂದು ಹೊರೆ ಯಾಕೆ? ಹಾರ್ವರ್ಡ್‌ನಲ್ಲಿದ್ದ ಭಾಷಾಶಾಸ್ತ್ರಜ್ಞ ಜಾರ್ಜ್ ಕಿಂಗ್‌ಸ್ಲಿ ಜಿಪ್ಫ್ 1945ರಲ್ಲಿ ಒಂದು ಲೆಕ್ಕ ತೋರಿಸಿದರು. ಜಾಸ್ತಿ ಬಳಕೆಯ ಶಬ್ದಕ್ಕೆ ಜಾಸ್ತಿ ಅರ್ಥ. ಸುಮಾರಾಗಿ, ಬಳಕೆಯ ವರ್ಗಮೂಲದಷ್ಟು. ಒಂದು ಶಬ್ದ ಇನ್ನೊಂದಕ್ಕಿಂತ 100 ಪಟ್ಟು ಹೆಚ್ಚು ಬಳಕೆಯಲ್ಲಿದ್ದರೆ ಅದಕ್ಕೆ 10 ಪಟ್ಟು ಅರ್ಥ. ದುಡಿಯುವ ಎತ್ತಿಗೇ ಮತ್ತೆ ನೊಗ ಎಂದ ಹಾಗಾಯಿತು.

ಇದನ್ನು ಕನ್ನಡದಲ್ಲಿ ನೋಡಬೇಕೆಂದರೆ ಮೆಕ್ಯಾನಿಕ್ ಹುಡುಗನ ಅದೇ ಮಾತಿನ ಬಾಲ ಹಿಡಿದರೆ ಸಾಕು. “ನೀರು ಬಿಡ್ಬೇಡಿ.” ನಮ್ಮ ‘ಬಿಡು’ ಯಾವ ಸೆಟ್‌ಗೂ ಕಡಿಮೆ ಇಲ್ಲ. ಮಳೆ ಬಿಟ್ಟಿತು ಎಂದರೆ ನಿಂತಿತು. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಒಂದೇ ಶಬ್ದ, ನೇರ ಉಲ್ಟಾ ಅರ್ಥ! ಶಾಲೆ ಬಿಟ್ಟಿತು ಎಂದರೆ ಸಂಜೆ ನಾಲ್ಕು ಗಂಟೆ. ಹುಡುಗ ಶಾಲೆ ಬಿಟ್ಟ ಎಂದರೆ ಇನ್ನು ಹೋಗುವುದಿಲ್ಲ. ಮಲ್ಲಿಗೆ ಹೂ ಬಿಡುತ್ತದೆ, ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಭಾವ ಗಡ್ಡ ಬಿಡುತ್ತಾನೆ, ಜೊತೆಗೆ ಬುರುಡೆಯನ್ನೂ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತೇವೆ. ಇಷ್ಟು ಸಾಲದೆಂದು ‘ತಿಂದುಬಿಟ್ಟ’, ‘ಹೋಗಿಬಿಟ್ಟ’ ಎಂದು ಬೇರೆ ಕ್ರಿಯಾಪದದ ಬಾಲಕ್ಕೂ ಅದು ಅಂಟಿಕೊಳ್ಳುತ್ತದೆ. ತಮಿಳು, ಮಲಯಾಳದವರ ‘ವಿಡು’, ತುಳುವಿನ ‘ಬುಡು’ ಇದರ ಅಕ್ಕತಂಗಿಯರು. ‘ವಿಲ್ಲು’ ನಮ್ಮಲ್ಲಿ ‘ಬಿಲ್ಲು’ ಆದ ಹಾಗೆಯೇ ಇದೂ. ಅದಕ್ಕೇ ಇರಬೇಕು, ಮನೆಯಲ್ಲಿ ಮಲಯಾಳ ಮಾತಾಡುವ ಆ ಹುಡುಗನಿಗೆ ನಮ್ಮ ‘ಬಿಡು’ ಎಲ್ಲೂ ತೊಡಕಾಗುವುದಿಲ್ಲ.

ಇಷ್ಟೆಲ್ಲ ಗೊಂದಲವನ್ನು ತಲೆ ಹೇಗೆ ತಾಳಿಕೊಳ್ಳುತ್ತದೆ? 1979ರಲ್ಲಿ ಮನಃಶಾಸ್ತ್ರಜ್ಞ ಡೇವಿಡ್ ಸ್ವಿನ್ನಿ ಒಂದು ಜಾಣ ಪ್ರಯೋಗ ಮಾಡಿದರು. ಇಂಗ್ಲಿಷಿನ ‘ಬಗ್’ ಎಂದರೆ ಹುಳವೂ ಹೌದು, ಕದ್ದು ಕೇಳುವ ಗುಪ್ತ ಮೈಕೂ ಹೌದು. ಕೋಣೆಯ ಮೂಲೆಯಲ್ಲಿ ಜೇಡ, ಜಿರಳೆ, ಇನ್ನಿತರ ಬಗ್‌ಗಳು ಸಿಕ್ಕವು ಎಂಬ ವಾಕ್ಯವನ್ನು ಜನರಿಗೆ ಕೇಳಿಸಿದರು. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ ಒಂದು ಪದ ತೋರಿಸಿ, ಇದು ನಿಜವಾದ ಪದವೋ ಅಲ್ಲವೋ ಎಂದು ಕೇಳಿದರು. ಜೇಡ, ಜಿರಳೆಯ ಮಾತು ಆಗಲೇ ಬಂದಾಗಿದೆ, ಹಾಗಾಗಿ ಹುಳದ ಅರ್ಥವೇ ಗೆಲ್ಲಬೇಕಲ್ವಾ? ಇಲ್ಲ. ‘ಇರುವೆ’ ಎಂಬ ಪದವನ್ನೂ ಜನ ಬೇಗ ಗುರುತಿಸಿದರು, ‘ಗೂಢಚಾರ’ ಎಂಬುದನ್ನೂ ಬೇಗ ಗುರುತಿಸಿದರು. ಎರಡು ಅರ್ಥವೂ ತಲೆಯಲ್ಲಿ ಒಟ್ಟಿಗೇ ಎದ್ದು ನಿಂತಿದ್ದವು. ಮೂರು ಅಕ್ಷರ ಹೇಳುವಷ್ಟು ಹೊತ್ತು ತಡೆದು ಕೇಳಿದರೆ ಮಾತ್ರ ಇರುವೆ ಉಳಿದಿತ್ತು, ಗೂಢಚಾರ ಮಾಯ.

ಅಂದರೆ ಗಮ್ ಸೆಟ್ ಆಗಬೇಕು ಎಂದು ಹುಡುಗ ಹೇಳಿದ ಆ ಕ್ಷಣ ನನ್ನ ತಲೆಯಲ್ಲಿ ದೋಸೆ, ಸೀರೆ ಎಲ್ಲವೂ ಇಣುಕಿ ಹೋಗಿರಬಹುದು. ನನಗೆ ಗೊತ್ತೇ ಆಗಲಿಲ್ಲ. ತಲೆಗೆ ಈ ಆಯ್ಕೆ ಅಗ್ಗದ ಕೆಲಸ. ಬಾಯಿಗೆ ಮಾತ್ರ ಪ್ರತಿಯೊಂದಕ್ಕೂ ಉದ್ದದ ಹೊಸ ಶಬ್ದ ಹೇಳುವುದು ದುಬಾರಿ. 2012ರಲ್ಲಿ ಭಾಷೆಯ ಸಂಶೋಧಕ ಸ್ಟೀವನ್ ಪಿಯಾಂಟಡೋಸಿ ಮತ್ತು ಜೊತೆಗಾರರು ಇಂಗ್ಲಿಷ್, ಜರ್ಮನ್, ಡಚ್ ಮೂರರಲ್ಲೂ ಇದೇ ಕಂಡರು. ಗಿಡ್ಡ, ಹೇಳಲು ಸುಲಭವಾದ, ಮತ್ತೆ ಮತ್ತೆ ಬರುವ ಶಬ್ದಗಳ ಮೇಲೇ ಅರ್ಥಗಳು ಜಾಸ್ತಿ ಕೂತಿವೆ. ಸುತ್ತಲಿನ ಸಂದರ್ಭ ಅರ್ಧ ಮಾತನ್ನು ಆಗಲೇ ಆಡಿರುತ್ತದೆ. ಎದುರಿಗೆ ಪಂಪು, ಕೈಯಲ್ಲಿ ಗಮ್ಮಿನ ಟ್ಯೂಬು ಇರುವಾಗ ಇನ್ನೇನು ಬೇಕು?

ಸಮಾನಾರ್ಥಕ ಶಬ್ದಗಳು ಇವೆಯಲ್ಲ, ಅವನ್ನು ಬಳಸಿದರೆ ಆಗದೇ ಎಂದು ಕೇಳಬಹುದು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಅಂಥ ಶಬ್ದಗಳ ದೊಡ್ಡ ಕೋಶವನ್ನೇ ತಂದರು. ಅದರಿಂದ ಬರೆಯುವವರಿಗೆ ಉಪಕಾರ ಆಗಿದೆ, ನಿಜ. ಆದರೆ ಅಚ್ಚುಕಟ್ಟಾಗಿ ಅದಲುಬದಲು ಮಾಡಬಹುದಾದ ಜೋಡಿ ಸಿಗುವುದು ಕಷ್ಟ. ‘ಇಡು’, ‘ಹಾಕು’ ಎರಡೂ ಹತ್ತಿರದವು. ಮಗುವಿಗೆ ಹೆಸರು ಇಟ್ಟರೆ ನಾಮಕರಣ, ಪಟ್ಟಿಗೆ ಹೆಸರು ಹಾಕಿದರೆ ಬರೆದದ್ದು. ಲೆಕ್ಕ ಇಡುವವನು ಗುಮಾಸ್ತ, ಲೆಕ್ಕ ಹಾಕುವವನು ಯಾರೂ ಆಗಬಹುದು, ಕೆಲವೊಮ್ಮೆ ಸಂಶಯದವನೂ. ಗಣಿತದ ಪಾಠದಲ್ಲಿ ಸೆಟ್‌ಗೆ ‘ಗಣ’ ಎಂಬ ಒಳ್ಳೆಯ ಕನ್ನಡ ಪದ ಇದೆ. ಹೋಟೆಲಿಗೆ ಹೋಗಿ ಗಣದೋಸೆ ಕೇಳಿ ನೋಡಿ.

ಸಂಜೆ ಆರಕ್ಕೆ ಸ್ವಿಚ್ ಹಾಕಿದೆ. “ನೀರು ಬಿಟ್ಟಿಯಾ?” ಎಂದರು ಅತ್ತೆ. ಬಿಟ್ಟಿದ್ದೆ. ಎರಡು ನಿಮಿಷಕ್ಕೆ ಜಾಯಿಂಟಿನ ಹತ್ತಿರ ತೊಟ್ಟಿಕ್ಕಲು ಶುರುವಾಯಿತು. ಹುಡುಗನಿಗೆ ಫೋನ್ ಮಾಡಿ, “ಸೆಟ್ ಆಗ್ಲಿಲ್ಲ ಮಾರಾಯ” ಎಂದೆ. ಅವನು ಎಲ್ಲೋ ಬೇರೆ ಕೆಲಸದಲ್ಲಿದ್ದ. ಎದುರಿಗೆ ನಮ್ಮ ಬಾವಿಯೂ ಇಲ್ಲ, ಪೈಪೂ ಇಲ್ಲ.

“ಯಾವುದು ಅಕ್ಕ? ಪಂಪಾ, ಗಮ್ಮಾ?”