40ರ ಬದಲು 41 ಬರೆದರೆ ಕಾಫಿ ಹಣ್ಣು ನೀಲಿಯಾಗುತ್ತದೆ

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹೋಗುವ ಹಣ್ಣಿನಲ್ಲಿ ಹಸಿರು ಕಾಯಿ ಎಷ್ಟು ಸೇರಿದೆ ಎಂದು ನೋಡಲೇಬೇಕು. ಅದು ಜಾಸ್ತಿಯಾದರೆ ಕಾಫಿಯ ರುಚಿ ಕೆಡುತ್ತದೆ. ಗೋಣಿಕೊಪ್ಪದ ವಿದ್ಯಾರ್ಥಿನಿಯೊಬ್ಬಳು ಫೋಟೊ ನೋಡಿ ಈ ಲೆಕ್ಕ ಹೇಳುವ ಪ್ರೋಗ್ರಾಂ ಬರೆಯಲು ಹೊರಟಳು ಅಂದುಕೊಳ್ಳಿ. ಅವಳಿಗೆ ಬೇಕಾದ್ದು ಓಪನ್‌ಸಿವಿ. 1999ರಲ್ಲಿ ಇಂಟೆಲ್‌ನಲ್ಲಿ ಹುಟ್ಟಿದ, ಚಿತ್ರಗಳನ್ನು ಪರಿಶೀಲಿಸಲು ಬೇಕಾದ ಸಿದ್ಧ ಕೋಡ್‌ಗಳ ಈ ಉಚಿತ ಲೈಬ್ರರಿ ಇರುವುದು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅವಳು ಬರೆಯುವುದು ರೂಬಿ ಎಂಬ ಇನ್ನೊಂದು ಭಾಷೆಯಲ್ಲಿ.

ನಡುವೆ ಸಣ್ಣದೊಂದು ಸಿ ಕೋಡ್ ಇಟ್ಟರೆ ಫಂಕ್ಷನ್‌ಗಳನ್ನು ರೂಬಿಯಿಂದ ಕರೆಯಬಹುದು. ತೊಡಕಿರುವುದು ಕಾನ್‌ಸ್ಟಂಟ್‌ಗಳಲ್ಲಿ, ಅಂದರೆ ಹೆಸರು ಕೊಟ್ಟ, ಬದಲಾಗದ ಅಂಕಿಗಳಲ್ಲಿ. ಅವುಗಳ ಹೆಸರು ಇರುವುದು ಲೈಬ್ರರಿಯ ಹೆಸರುಗಳನ್ನು ಬರೆದಿಟ್ಟ ಹೆಡರ್ ಫೈಲಿನಲ್ಲಿ. ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಆ ಹೆಸರನ್ನು ತೆಗೆದು ಬರೀ ಅಂಕಿ ಇಡುತ್ತದೆ. ಸಿದ್ಧವಾದ ಲೈಬ್ರರಿಯಲ್ಲಿ ರೂಬಿ ಎಷ್ಟು ಹುಡುಕಿದರೂ ಆ ಹೆಸರು ಸಿಗುವುದಿಲ್ಲ.

ಅಂಕಿಗಳನ್ನು ಕೈಯಲ್ಲೇ ನಕಲು ಮಾಡಿದರಾಯ್ತು, ಅಲ್ವಾ? ಅಪಾಯ ಅಲ್ಲೇ ಇದೆ. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಎಚ್‌ಎಸ್‌ವಿಗೆ, ಅಂದರೆ ಬಣ್ಣ, ಗಾಢತೆ, ಹೊಳಪು ಎಂಬ ಅಳತೆಗೆ ಬದಲಿಸುವ ಅಂಕಿ 40. ಕೆಂಪು ಮೊದಲು ಬರುವ ಚಿತ್ರಕ್ಕೆ 41. ಅವಳು 41 ಬರೆದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಕೆಂಪು ಮತ್ತು ನೀಲಿ ಸುಮ್ನೆ ಅದಲುಬದಲಾಗುತ್ತವೆ. ಹಸಿರು ನಡುವೆ ಇರುವುದರಿಂದ ಅಚ್ಚ ಹಸಿರಿಗೆ ಏನೂ ಆಗುವುದಿಲ್ಲ. ಕಾಯಿಯ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಹಣ್ಣು ಮಾತ್ರ ಒಂದೂ ಕಾಣುವುದಿಲ್ಲ. ಅರ್ಧ ಉತ್ತರ ಸರಿ ಇರುವಾಗ ತಪ್ಪು ಹಿಡಿಯುವುದು ತುಂಬಾ ಕಷ್ಟ.

ಅದಕ್ಕೇ ಈ ಕೆಲಸವನ್ನು ಯಂತ್ರಕ್ಕೆ ಬಿಡಬೇಕು. ಓಪನ್‌ಸಿವಿಯ ಪೈಥಾನ್ ಭಾಷೆಯ ರೂಪದಲ್ಲಿ ಹಾಗೇ ಮಾಡಿದ್ದಾರೆ: ಒಂದು ಸ್ಕ್ರಿಪ್ಟ್ ಹೆಡರ್‌ಗಳನ್ನು ಓದಿ ಹೆಸರುಗಳನ್ನು ತಾನೇ ಸೇರಿಸುತ್ತದೆ. ಆದರೆ ಎಲ್ಲವೂ ನೇರ ಅಂಕಿಗಳಲ್ಲ. 8 ಬಿಟ್‌ನ ಮೂರು ಬಣ್ಣದ ಚಿತ್ರವನ್ನು ಸೂಚಿಸುವ ಸಿವಿ_8ಯುಸಿ3 ಒಂದು ಸೂತ್ರ. ಓಪನ್‌ಸಿವಿ 4ರಲ್ಲಿ 8 ಬಿಟ್‌ಗೆ 0, ಅದಕ್ಕೆ ಚಾನೆಲ್ ಸಂಖ್ಯೆಯಲ್ಲಿ (ಇಲ್ಲಿ ಮೂರು ಬಣ್ಣ, ಅಂದರೆ 3) ಒಂದು ಕಳೆದು 8ರಿಂದ ಗುಣಿಸಿದ್ದನ್ನು ಕೂಡಿದರೆ 16. ಬರೀ ಓದಿದರೆ ಸಾಲದು, ಲೆಕ್ಕವನ್ನೂ ಮಾಡಬೇಕು.

ನನಗೆ ಮೆಚ್ಚಿಗೆಯಾದ ದಾರಿ ಬೇರೆ. ಎಲ್ಲ ಹೆಸರುಗಳ ಅಂಕಿಯನ್ನು ಅಚ್ಚು ಹಾಕುವ ಪುಟ್ಟ ಸಿ++ ಪ್ರೋಗ್ರಾಂ ಬರೆದು, ಅದರ ಉತ್ತರದಿಂದಲೇ ರೂಬಿ ಫೈಲ್ ತಯಾರಿಸುವುದು. ಲೆಕ್ಕ ಮಾಡುವುದು ಕಂಪೈಲರೇ ಆದ್ದರಿಂದ ತಪ್ಪಿಗೆ ಜಾಗ ಕಡಿಮೆ. ಓಪನ್‌ಸಿವಿಯ ಹೊಸ ಆವೃತ್ತಿ ಬಂದರೆ ಮತ್ತೊಮ್ಮೆ ಓಡಿಸಿದರೆ ಸಾಕು.

ಜೊತೆಗೊಂದು ಪರೀಕ್ಷೆಯೂ ಇರಲಿ. ಅಚ್ಚ ಕೆಂಪಿನ ಒಂದೇ ಒಂದು ಪಿಕ್ಸೆಲ್ ಕೊಟ್ಟು ಎಚ್‌ಎಸ್‌ವಿಗೆ ಬದಲಿಸಿ. ಬಣ್ಣದ ಅಂಕಿ 0 ಬರಬೇಕು. 120 ಬಂದರೆ ಅದು ನೀಲಿ.